ಮೊಬೈಲಲ್ಲಿ 9 ನಿಮಿಷದ ಕಿರುಚಿತ್ರ ಮಾಡಿದೆ, ಆದರೆ ಅಜ್ಜಿ ಮತ್ತು ತಮ್ಮ ಒಬ್ಬರನ್ನೊಬ್ಬರು ನೋಡುತ್ತಲೇ ಇಲ್ಲ

ಸಾಗರದವಳು:
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಥೆ ಸಣ್ಣದು. ಮೊಮ್ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟಿದ್ದಾನೆ, ಅದನ್ನು ಅಜ್ಜಿಗೆ ಹೇಳಬೇಕು. ಅಜ್ಜಿ ಅಡುಗೆಮನೆಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಾಳೆ. ಅವನು ಹೊಸ್ತಿಲ ಹತ್ತಿರ ನಿಂತಿದ್ದಾನೆ. ಅಷ್ಟೇ. ನಮ್ಮ ಅಜ್ಜಿ ಮತ್ತು ನನ್ನ ತಮ್ಮನೇ ಮಾಡಿದ್ದು. ಎರಡು ದಿನ ಶೂಟ್ ಮಾಡಿ, ಫೋನಲ್ಲೇ ಎಡಿಟ್ ಮಾಡಿ, ನೆಂಟರು ಸ್ನೇಹಿತರು ಅಂತ 15 ಜನಕ್ಕೆ ತೋರಿಸಿದೆ.

ಎಲ್ಲರೂ ಚೆನ್ನಾಗಿದೆ ಅಂದರು, ಆದರೆ ಮುಖ ನೋಡಿದರೆ ಗೊತ್ತಾಗುತ್ತದಲ್ವಾ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಮಾತಾಡುವಾಗ ಇಬ್ಬರೂ ಒಂದೇ ಗೋಡೆ ನೋಡುತ್ತಾ ಮಾತಾಡಿದ ಹಾಗಿದೆ, ಯಾರು ಎಲ್ಲಿದ್ದಾರೆ ಅಂತಲೇ ತಿಳಿಯಲಿಲ್ಲ ಅಂದರು. ಟ್ಯೂಬ್‌ಲೈಟ್ ಇರುವ ಕಡೆಯೆಲ್ಲ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಹರಿಯುತ್ತಿದೆ. ಅಜ್ಜಿಯ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಸೌತೆಕಾಯಿ ಒಂದು ಶಾಟಲ್ಲಿ ಅರ್ಧ ಆಗಿದ್ದರೆ ಮುಂದಿನದರಲ್ಲಿ ಇಡೀ ಇದೆ.

ಇನ್ನೊಂದು. ವಿಡಿಯೋಗಳಲ್ಲಿ ಸಜೆಶನ್, ಮಾಸ್ಟರ್, ಪೈಲಟ್, ಆರ್‌ಆರ್ ಅಂತೆಲ್ಲ ಅನ್ನುತ್ತಾರೆ. ಒಂದೂ ಅರ್ಥ ಆಗುವುದಿಲ್ಲ. ನನಗೆ ಈ ದೃಶ್ಯವನ್ನು ಮತ್ತೆ ತೆಗೆಯಬೇಕು. ಎಲ್ಲಿಂದ ಶುರು ಮಾಡಲಿ?

ಉಡುಪಿ ಹುಡುಗ:
ಮೊದಲು ಫೋನ್ ಬಿಡಿ. ಬಾಡಿಗೆಗೆ ಒಂದು ಒಳ್ಳೆ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್ ತನ್ನಿ. ಹಿನ್ನೆಲೆ ಮಸುಕಾಗಿ ಸಿನಿಮಾ ಥರ ಕಾಣುತ್ತದೆ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಫೋಕಸ್ ಹಿಡಿದವ:
ನಾನು ಛಾಯಾಗ್ರಹಣ ವಿಭಾಗದಲ್ಲಿ ಸಹಾಯಕನಾಗಿ ಬಹಳ ವರ್ಷ ದುಡಿದವನು, ಫಿಲ್ಮ್ ಕಾಲದಿಂದ. ಉಡುಪಿ ತಮ್ಮನ ಮಾತು ನಾನು ಒಪ್ಪುವುದಿಲ್ಲ. ತಂಗೀ, ನೀನು ಹೇಳಿದ ನಾಲ್ಕರಲ್ಲಿ ಒಂದು ತೊಂದರೆಯೂ ಕ್ಯಾಮೆರಾದ್ದಲ್ಲ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ತಂದರೂ ಆ ಇಬ್ಬರೂ ಅದೇ ಗೋಡೆಯನ್ನೇ ನೋಡುತ್ತಾರೆ.

ಒಂದು ಕೇಳುತ್ತೇನೆ. ಅಜ್ಜಿಯ ಶಾಟ್ ತೆಗೆಯುವಾಗ ಎಲ್ಲಿ ನಿಂತಿದ್ದೆ? ತಮ್ಮನದನ್ನು ತೆಗೆಯುವಾಗ ಎಲ್ಲಿ?

ಸಾಗರದವಳು:
ಅಜ್ಜಿಯದನ್ನು ಒಲೆ ಕಡೆಯಿಂದ ತೆಗೆದೆ. ತಮ್ಮನದನ್ನು ಎದುರಿನ ಕಿಟಕಿ ಕಡೆಯಿಂದ. ಅಲ್ಲಿ ಅವನ ಮುಖಕ್ಕೆ ಬೆಳಕು ಚೆನ್ನಾಗಿತ್ತು.

ಫೋಕಸ್ ಹಿಡಿದವ:
ಅಲ್ಲೇ ಆಗಿದ್ದು. ಒಂದು ಹಾಳೆ ತಗೋ. ಅಜ್ಜಿಗೊಂದು ಚುಕ್ಕಿ, ತಮ್ಮನಿಗೊಂದು ಚುಕ್ಕಿ ಇಟ್ಟು ನಡುವೆ ಗೆರೆ ಎಳೆ. ಸೆಟ್ಟಲ್ಲಿ ಇದಕ್ಕೆ ಇಮ್ಯಾಜಿನರಿ ಲೈನ್ ಅನ್ನುತ್ತಾರೆ, ಪುಸ್ತಕದಲ್ಲಿ 180 ಡಿಗ್ರಿ ನಿಯಮ ಅಂತ ಇರುತ್ತದೆ. ಒಲೆ ಗೆರೆಯ ಈ ಕಡೆ, ಕಿಟಕಿ ಆ ಕಡೆ. ಒಲೆ ಕಡೆಯಿಂದ ನೋಡಿದರೆ ಅಜ್ಜಿ ಪರದೆಯ ಬಲಕ್ಕೆ ನೋಡುತ್ತಾಳೆ, ಅಂದರೆ ರೈಟ್ ಲುಕ್. ಗೆರೆ ದಾಟಿ ಕಿಟಕಿ ಕಡೆ ಹೋದ ತಕ್ಷಣ ಎಡ ಬಲ ಅದಲುಬದಲು ಆಗುತ್ತದೆ, ತಮ್ಮನದೂ ರೈಟ್ ಲುಕ್ಕೇ ಆಯಿತು. ಎದುರು ಬದುರು ಇರುವವರು ಪರದೆ ಮೇಲೆ ಸಾಲಾಗಿ ಒಂದೇ ಕಡೆ ತಿರುಗಿ ಕೂತ ಹಾಗಾಯಿತು. ನೋಡುವವರಿಗೆ ನಿಮ್ಮ ಅಡುಗೆಮನೆ ಗೊತ್ತಿಲ್ಲ ನೋಡು. ಅವರಿಗೆ ಇರುವ ದಾರಿ ಈ ಕಣ್ಣುಗಳ ದಿಕ್ಕು ಒಂದೇ.

ಹಾಗಾಗಿ ಒಂದು ಕಡೆ ಆರಿಸಿಕೋ. ಎಲ್ಲ ಶಾಟ್ ಆ ಕಡೆಯಿಂದಲೇ. ಬೆಳಕು ಕಡಿಮೆ ಆದರೆ ಬೆಳಕನ್ನು ತಂದುಕೊಳ್ಳಬೇಕು, ಕ್ಯಾಮೆರಾ ಆ ಕಡೆ ಹೋಗಬಾರದು.

ಈಗ ನೀನು ಕೇಳಿದ ಪದಗಳು. ಮೊದಲು ಇಬ್ಬರೂ, ಹೊಸ್ತಿಲು, ಒಲೆ ಎಲ್ಲ ಕಾಣುವಂತೆ ದೃಶ್ಯವನ್ನು ಮೊದಲಿಂದ ಕೊನೆವರೆಗೆ ಒಂದೇ ಶಾಟಲ್ಲಿ ತೆಗೆ. ಅದು ಮಾಸ್ಟರ್. ಆಮೇಲೆ ತಮ್ಮನ ಭುಜ ಅಂಚಲ್ಲಿ ಕಾಣುವಂತೆ ಅವನ ಹಿಂದಿನಿಂದ ಅಜ್ಜಿಯ ಮುಖ, ಅದು ಸಜೆಶನ್. ಬೇರೆ ಕಡೆಯವರು ಓವರ್ ದಿ ಶೋಲ್ಡರ್ ಅನ್ನುವುದು ಇದನ್ನೇ. ಭುಜ ಕಂಡರೆ ಇವನು ಅವಳೆದುರೇ ಇದ್ದಾನೆ ಅಂತ ನೋಡುವವರಿಗೆ ಬೇರೆ ಹೇಳಬೇಕಾಗಿಲ್ಲ. ಅದಾದ ಮೇಲೆ ಕ್ಲೋಸ್, ಅಂದರೆ ಮುಖವೇ ಫ್ರೇಮ್ ತುಂಬುವ ಶಾಟ್. ಎಲ್ಲಿ ಮನಸ್ಸು ತಿರುಗುತ್ತದೋ ಅಲ್ಲಿ ಮಾತ್ರ ಕ್ಲೋಸ್ ಹೋಗು, ಪ್ರತಿ ಮಾತಿಗೂ ಬೇಡ.

ಕತ್ತರಿ:
ಸಂಕಲನ ನನ್ನ ಕೆಲಸ. ಸೌತೆಕಾಯಿ ವಿಷಯ ನಾನು ಹೇಳುತ್ತೇನೆ. ಅದು ಕಂಟಿನ್ಯುಟಿ, ಅಂದರೆ ಒಂದು ಶಾಟಲ್ಲಿ ಇದ್ದದ್ದು ಮುಂದಿನದಕ್ಕೂ ಹೊಂದಬೇಕು. ಪ್ರತಿ ಟೇಕ್ ಮುಗಿದ ಕೂಡಲೇ ಇನ್ನೊಂದು ಫೋನಲ್ಲಿ ಒಂದು ಫೋಟೋ ಹೊಡೆದಿಡಿ, ಎಷ್ಟು ಹೆಚ್ಚಿದೆ, ಸೆರಗು ಎಲ್ಲಿದೆ, ಯಾವ ಕೈ. ಒಂದೇ ಅಳತೆಯ ಸೌತೆಕಾಯಿ ಹತ್ತಾದರೂ ತಂದಿಟ್ಟುಕೊಳ್ಳಿ.

ಆದರೆ ಅದಕ್ಕಿಂತ ದೊಡ್ಡದು ಇನ್‌ಸರ್ಟ್. ಅಜ್ಜಿಯ ಕೈ ಮತ್ತು ಮೆಟ್ಟುಗತ್ತಿ ಮಾತ್ರ ಕಾಣುವ ಶಾಟ್, ಹಾಗೇ ಎರಡು ನಿಮಿಷ ತೆಗೆದಿಡಿ. ಎರಡು ಶಾಟ್ ಹೊಂದದೇ ಇದ್ದಾಗ ನಡುವೆ ಆ ಕೈ ಹಾಕಿದರೆ ಸೌತೆಕಾಯಿ ಎಷ್ಟಿತ್ತು ಅಂತ ಯಾರೂ ಲೆಕ್ಕ ಇಡುವುದಿಲ್ಲ. ನನ್ನ ಟೇಬಲ್ ಮೇಲೆ ಎಷ್ಟೋ ದೃಶ್ಯಗಳು ಇಂಥ ಒಂದು ಕೈಯಿಂದ, ಒಂದು ಚಪ್ಪಲಿಯಿಂದ ಉಳಿದುಕೊಂಡಿವೆ.

ಇನ್ನು ಕಟ್ ಎಲ್ಲಿ ಮಾಡಬೇಕು ಅಂತ. ಚಲನೆಯ ನಡುವೆ ಮಾಡಿ. ಅಜ್ಜಿ ತಲೆ ಎತ್ತಲು ಶುರು ಮಾಡುವುದು ಮಾಸ್ಟರ್‌ನಲ್ಲಿ, ಎತ್ತಿ ಮುಗಿಸುವುದು ಕ್ಲೋಸಲ್ಲಿ. ಕಣ್ಣು ಆ ಚಲನೆಯ ಹಿಂದೆ ಹೋಗುತ್ತದೆ, ಕಟ್ ಕಾಣುವುದೇ ಇಲ್ಲ. ಇದಕ್ಕೆ ಒಂದು ಷರತ್ತು ಇದೆ, ಆ ಚಲನೆ ಎರಡೂ ಶಾಟಲ್ಲಿ ಇರಬೇಕು. ಆದ್ದರಿಂದ ಕ್ಲೋಸ್ ತೆಗೆಯುವಾಗ ಬರೀ ಆ ಮಾತಿಂದ ಶುರು ಮಾಡಬೇಡಿ, ಅದಕ್ಕೂ ಹಿಂದಿನ ಮಾತಿಂದಲೇ ಮಾಡಿಸಿ.

ಸಾಗರದವಳು:
ತುಂಬಾ ಥ್ಯಾಂಕ್ಸ್. ಹಾಳೆ ಮೇಲೆ ಗೆರೆ ಎಳೆದು ನೋಡಿದೆ, ತಕ್ಷಣ ಅರ್ಥ ಆಯಿತು. ಇನ್ನೊಂದು ಭಯ ಇದೆ. ಅಜ್ಜಿ ನಟಿಯಲ್ಲ. ಮೊಮ್ಮಗ ಹೋಗುತ್ತೇನೆ ಅಂದಾಗ ಮುಖದಲ್ಲಿ ಏನೂ ಬರುವುದಿಲ್ಲ. ಅಳು ಅಂದರೆ ನಗುತ್ತಾಳೆ.

ಕತ್ತರಿ:
ದಯವಿಟ್ಟು ಅಳಿಸಬೇಡಿ! ಏನೂ ಬಾರದ ಆ ಮುಖವೇ ನಿಮ್ಮ ಆಸ್ತಿ.

ರಷ್ಯಾದಲ್ಲಿ 1920ರ ಆಸುಪಾಸಿನಲ್ಲಿ ಲೆವ್ ಕುಲೆಶೊವ್ ಅನ್ನುವ ಸಿನಿಮಾ ನಿರ್ದೇಶಕರು ಒಂದು ಪ್ರಯೋಗ ಮಾಡಿದರು. ಒಬ್ಬ ನಟನ ಭಾವನೆಯಿಲ್ಲದ ಮುಖದ ಒಂದೇ ಶಾಟು. ಅದರ ಪಕ್ಕ ಒಮ್ಮೆ ಒಂದು ತಟ್ಟೆ ಸೂಪ್, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಒಂದೇ ಮುಖದಲ್ಲಿ ಹಸಿವು, ದುಃಖ, ಆಸೆ ಎಲ್ಲ ಕಂಡರು. ನೀವೂ ಹೀಗೆ ಮಾಡಿ ನೋಡಿ. ಅಜ್ಜಿಯ ಕೈ ನಿಲ್ಲುವುದು. ಹೊಸ್ತಿಲ ಪಕ್ಕ ಕಟ್ಟಿಟ್ಟ ಬ್ಯಾಗು. ಅಜ್ಜಿಯ ಮುಖ, ನಾಲ್ಕು ಸೆಕೆಂಡ್. ಮತ್ತೆ ಹೆಚ್ಚುವ ಸದ್ದು. ಉಳಿದದ್ದನ್ನು ನೋಡುವವರು ತುಂಬಿಕೊಳ್ಳುತ್ತಾರೆ.

ಬೂಮ್ ಕೋಲು:
ಧ್ವನಿ ಬಗ್ಗೆ ಯಾರೂ ಮಾತಾಡಲೇ ಇಲ್ಲ, ಯಾವಾಗಲೂ ಹೀಗೇ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಬಾವಿಯ ದನಿ ಯಾಕೆ ಬರುತ್ತದೆ ಅಂದರೆ ನಿಮ್ಮ ಮೈಕ್ ಫೋನಲ್ಲಿದೆ, ಫೋನ್ ಎಂಟು ಅಡಿ ದೂರದಲ್ಲಿದೆ. ಅಷ್ಟು ದೂರಕ್ಕೆ ಅಜ್ಜಿಯ ದನಿಗಿಂತ ಗೋಡೆಗೆ ಬಡಿದು ವಾಪಸ್ ಬರುವ ದನಿ ಜಾಸ್ತಿ. ಮೈಕ್ ಬಾಯಿಂದ ಒಂದು, ಒಂದೂವರೆ ಅಡಿ ಒಳಗಿರಬೇಕು. ದುಡ್ಡು ಖರ್ಚು ಮಾಡಬೇಡಿ, ಇನ್ನೊಂದು ಫೋನಿನ ರೆಕಾರ್ಡರ್ ಆನ್ ಮಾಡಿ ಅಜ್ಜಿಯ ಮುಂದಿನ ಮೊರದ ಮರೆಯಲ್ಲಿ ಇಡಿ. ನೆಲದ ಮೇಲೆ ಹಾಗೇ ಇಡಬೇಡಿ, ಕೆಳಗೆ ಮಡಚಿದ ಟವೆಲ್ ಹಾಕಿ, ಇಲ್ಲದಿದ್ದರೆ ಮೆಟ್ಟುಗತ್ತಿಯ ಪ್ರತಿ ಏಟೂ ಧಡ್ ಧಡ್ ಅಂತ ಬರುತ್ತದೆ. ಎರಡೂ ಫೋನ್ ಓಡುವಾಗ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಕ್ಲಾಪ್ ಬೋರ್ಡ್ ಇರುವುದು ಇದಕ್ಕೇ. ಕೈ ಸೇರಿದ ಫ್ರೇಮನ್ನೂ ಧ್ವನಿಯ ಗೆರೆಯಲ್ಲಿ ಮುಳ್ಳಿನ ಹಾಗೆ ಎದ್ದ ಜಾಗವನ್ನೂ ಕೂಡಿಸಿದರೆ ಇಡೀ ಶಾಟ್ ಹೊಂದಿಕೊಳ್ಳುತ್ತದೆ. ಬೋರ್ಡ್ ಮೇಲೆ ದೃಶ್ಯ, ಶಾಟ್, ಟೇಕ್ ನಂಬರ್ ಬರೆಯುವುದು ಎಡಿಟರ್‌ಗೋಸ್ಕರ. ಅದನ್ನು ನೀವು ಬಾಯಲ್ಲೇ ಹೇಳಿ, ಸಾಕು.

ಪೈಲಟ್ ಅಂದರೆ ಶೂಟಿಂಗ್ ಜಾಗದಲ್ಲಿ ಗುರುತಿಗೆ ಅಂತ ಹಿಡಿಯುವ ಧ್ವನಿ. ಆಮೇಲೆ ನಟರು ಸ್ಟುಡಿಯೋದಲ್ಲಿ ಅದನ್ನು ಕೇಳಿಕೊಂಡು ಡಬ್ ಮಾಡುತ್ತಾರೆ. ಸ್ಥಳದಲ್ಲೇ ಹಿಡಿದ ಧ್ವನಿಯನ್ನು ಸಿನಿಮಾದಲ್ಲಿ ಉಳಿಸಿಕೊಂಡರೆ ಅದು ಸಿಂಕ್ ಸೌಂಡ್. ಆರ್‌ಆರ್ ಅಂದರೆ ರೀರೆಕಾರ್ಡಿಂಗ್, ನಮ್ಮ ಕಡೆ ಹಿನ್ನೆಲೆ ಸಂಗೀತಕ್ಕೆ ಹಾಗೆ ಅನ್ನುತ್ತಾರೆ. ಬೇರೆ ಕಡೆ ಅದೇ ಪದವನ್ನು ಎಲ್ಲ ಧ್ವನಿಗಳನ್ನು ಸೇರಿಸುವ ಕೊನೆಯ ಮಿಕ್ಸಿಂಗ್‌ಗೆ ಬಳಸುತ್ತಾರೆ, ಗೊಂದಲ ಆಗಬೇಡಿ.

ನಿಮ್ಮ ಅಜ್ಜಿಗೆ ಡಬ್ಬಿಂಗ್ ಬೇಡವೇ ಬೇಡ. ಮೈಕ್ ಮುಂದೆ ನಿಲ್ಲಿಸಿದರೆ ಆ ಮಾತು ಮತ್ತೆ ಬರುವುದಿಲ್ಲ. ಹೆಚ್ಚುತ್ತಾ ಮಾತಾಡುವಾಗ ಉಸಿರು ಬೇರೆಯೇ ಇರುತ್ತದೆ.

ಫ್ರಿಜ್ ಆಫ್ ಮಾಡಿ. ಮತ್ತೆ ಆನ್ ಮಾಡಲು ಮರೆಯದಿರಲು ಗಾಡಿ ಕೀಯನ್ನು ಫ್ರಿಜ್ ಒಳಗೇ ಇಡಿ, ಸೌಂಡ್‌ನವರು ಎಲ್ಲ ಕಡೆ ಮಾಡುವ ಉಪಾಯ ಇದು. ಕೊನೆಗೆ ಎಲ್ಲರೂ ಅಲ್ಲೇ ಸುಮ್ನೆ ಕೂತು 30 ಸೆಕೆಂಡ್ ಖಾಲಿ ಧ್ವನಿ ಹಿಡಿಯಿರಿ. ರೂಮ್ ಟೋನ್. ಎರಡು ಮಾತಿನ ನಡುವೆ ಕಟ್ ಮಾಡಿದ ಕಡೆ ಧ್ವನಿ ಪೂರ್ತಿ ಸತ್ತು ಹೋಗುತ್ತದೆ, ಕಿವಿಗೆ ಗುಂಡಿಯೊಳಗೆ ಬಿದ್ದ ಹಾಗಾಗುತ್ತದೆ. ಆ ಗುಂಡಿಗಳನ್ನು ಈ 30 ಸೆಕೆಂಡ್ ಮುಚ್ಚುತ್ತದೆ. ಬೇರೆ ದಿನ ಹಿಡಿದರೆ ಆಗುವುದಿಲ್ಲ, ಅದೇ ಕೋಣೆ ಅದೇ ಹೊತ್ತು ಇರಬೇಕು.

ಉಡುಪಿ ಹುಡುಗ:
ಒಪ್ಪಿದೆ, ನಾನು ಕ್ಯಾಮೆರಾ ಅಂದಿದ್ದು ಅವಸರ ಆಯಿತು. ಆದರೆ ಕಪ್ಪು ಪಟ್ಟಿ ಫೋನಿನ ದೋಷವೇ ಅಲ್ವಾ?

ಫೋಕಸ್ ಹಿಡಿದವ:
ಅಲ್ಲ, ಸೆಟ್ಟಿಂಗ್‌ದು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆಯುತ್ತವೆ, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಹಿಡಿಯುವ ಹೊತ್ತು, ಸೆಕೆಂಡಿನ 1/60 ಅಥವಾ ಇನ್ನೇನೋ ತಾನೇ ಹಾಕಿಕೊಳ್ಳುತ್ತವೆ. ಎರಡರ ತಾಳ ಕೂಡುವುದಿಲ್ಲ, ಅದೇ ಪಟ್ಟಿಯಾಗಿ ಕಾಣುವುದು. ಪ್ರೊ ಮೋಡ್ ಅಥವಾ ಒಂದು ಕ್ಯಾಮೆರಾ ಆ್ಯಪ್‌ನಲ್ಲಿ 25 ಫ್ರೇಮ್, ಶಟರ್ 1/50 ಇಟ್ಟುಬಿಡು. ಪಟ್ಟಿ ಹೋಗುತ್ತದೆ, ಚಲನೆಯೂ ಮೆತ್ತಗೆ ಕಾಣುತ್ತದೆ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡು, ಇಲ್ಲದಿದ್ದರೆ ತಮ್ಮ ಅಲ್ಲಾಡಿದಾಗಲೆಲ್ಲ ಅಜ್ಜಿಯ ಬಣ್ಣ ಬದಲಾಗುತ್ತದೆ.

ಮುಖ ದೊಡ್ಡದಾಗಿ ಬೇಕು ಅಂತ ಫೋನನ್ನು ಮುಖದ ಹತ್ತಿರ ಒಯ್ಯಬೇಡ. ಫೋನಿನ ಮುಖ್ಯ ಲೆನ್ಸ್ ಬಹಳ ವೈಡ್, ಹೆಚ್ಚಿನವು 24, 26 ಎಂಎಂ ಸುತ್ತ ಇರುತ್ತವೆ. ಹತ್ತಿರ ಹೋದರೆ ಮೂಗು ಮುಂದೆ ಬಂದು ಕಿವಿ ಹಿಂದೆ ಹೋಗುತ್ತದೆ. ನಾಲ್ಕೈದು ಅಡಿ ಹಿಂದೆ ನಿಂತು 2ಎಕ್ಸ್ ಬಳಸು.

ಫಿಲ್ಮ್ ಕಾಲದ ಒಂದು ಮಾತು ಹೇಳಬೇಕು ಅನಿಸುತ್ತಿದೆ. 35 ಎಂಎಂ ನೆಗೆಟಿವ್ ನಿಮಿಷಕ್ಕೆ 90 ಅಡಿ ಓಡುತ್ತಿತ್ತು. 400 ಅಡಿಯ ರೋಲ್ ನಾಲ್ಕೂವರೆ ನಿಮಿಷ ಬರುತ್ತಿರಲಿಲ್ಲ. ಕ್ಯಾಮೆರಾ ಓಡುವ ಸದ್ದು ಕೇಳಿದರೆ ದುಡ್ಡು ಓಡುವ ಸದ್ದೇ. ಅದಕ್ಕೇ ಐದಾರು ರಿಹರ್ಸಲ್ ಆಗದೆ ಯಾರೂ ಸ್ಟಾರ್ಟ್ ಅನ್ನುತ್ತಿರಲಿಲ್ಲ. ನಿನ್ನ ಫೋನಲ್ಲಿ ಎಷ್ಟು ತೆಗೆದರೂ ಖರ್ಚಿಲ್ಲ, ಆದರೆ ಅಜ್ಜಿಯ ಶಕ್ತಿಗೆ ಲೆಕ್ಕ ಇದೆ. ಅವಳಿಲ್ಲದೆ ಜಾಗ, ಬೆಳಕು, ಫ್ರೇಮ್ ಎಲ್ಲ ನಿಗದಿ ಮಾಡು. ಅವಳ ಜಾಗದಲ್ಲಿ ನೀನೋ ನಿಮ್ಮಮ್ಮನೋ ಕೂತು ನೋಡಿ. ಕೊನೆಗೆ ಅವಳನ್ನು ಕರಿ.

ಡಬ್ಲಿನ್ ಕನ್ನಡತಿ:
ಗೆರೆಯ ಬಗ್ಗೆ ಒಂದು ತಕರಾರು. ಜಪಾನಿನ ಯಸುಜಿರೊ ಓಜು ಇಡೀ ಜೀವನ ಈ ಗೆರೆ ದಾಟಿಕೊಂಡೇ ಸಿನಿಮಾ ಮಾಡಿದರು. ಮಾತಾಡುವ ಇಬ್ಬರೂ ಒಂದೇ ಕಡೆ ನೋಡುವ ಹಾಗೆ ಶಾಟುಗಳು ಬರುತ್ತವೆ. ಯಾರಿಗೂ ದಾರಿ ತಪ್ಪುವುದಿಲ್ಲ. ಅವರ ಕ್ಯಾಮೆರಾ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ, ಚಾಪೆ ಮೇಲೆ ಕೂತವರ ಮಟ್ಟಕ್ಕೂ ಕೆಳಗೆ ಇರುತ್ತದೆ. ಸಾಗರದವರ ಅಜ್ಜಿ ನೆಲದ ಮೇಲೆ ಕೂತಿದ್ದಾರೆ ಅಂದಾಗ ನನಗೆ ಮೊದಲು ನೆನಪಾಗಿದ್ದೇ ಓಜು. ನಿಯಮ ಅಂತ ಹೇಳಿ ಹೊಸಬರನ್ನು ಕಟ್ಟಿಹಾಕಬಾರದು.

ಫೋಕಸ್ ಹಿಡಿದವ:
ನಿಮ್ಮ ಮಾತು ಸರಿ ಮೇಡಂ, ಓಜು ಬಗ್ಗೆ ನನಗೂ ಅಪಾರ ಗೌರವ. ಆದರೆ ಅವರು ಪ್ರತಿ ಸಲ ದಾಟುತ್ತಾರೆ, ಪ್ರತಿ ಸಲ ಒಂದೇ ಎತ್ತರ, ಸುಮಾರು ಒಂದೇ ಅಳತೆಯ ಫ್ರೇಮು, 50 ಎಂಎಂ ಲೆನ್ಸು. ಹತ್ತು ನಿಮಿಷದಲ್ಲಿ ಕಣ್ಣು ಆ ಮನೆಗೆ ಒಗ್ಗಿಕೊಳ್ಳುತ್ತದೆ. ಈ ಹುಡುಗಿ ಒಂದು ಕಡೆ ಬೆಳಕಿಗೋಸ್ಕರ ದಾಟಿದ್ದು, ಉಳಿದ ಕಡೆ ದಾಟಿಲ್ಲ. ಗೊಂದಲ ಆಗಿದ್ದು ಅದರಿಂದ.

ಎತ್ತರದ ಮಾತನ್ನು ಮಾತ್ರ ನಾನು ಹೇಳಲು ಮರೆತಿದ್ದೆ, ನೆನಪಿಸಿದ್ದಕ್ಕೆ ಉಪಕಾರ ಆಯಿತು. ತಂಗೀ, ನಿಂತುಕೊಂಡು ಅಜ್ಜಿಯನ್ನು ತೆಗೆಯಬೇಡ. ಅವಳ ಕಣ್ಣಿನ ಮಟ್ಟಕ್ಕೆ ಇಳಿ, ಎರಡೂವರೆ ಅಡಿ ಇರಬಹುದು. ತಮ್ಮನನ್ನೂ ಅಲ್ಲಿಂದಲೇ ಮೇಲಕ್ಕೆ ನೋಡು. ಆಗ ಈ ಅಡುಗೆಮನೆ ಅಜ್ಜಿಯದು ಅಂತ ಆಗುತ್ತದೆ, ಹುಡುಗ ಬಾಗಿಲಲ್ಲಿ ನಿಂತ ಹೊರಗಿನವನ ಹಾಗೆ ಕಾಣುತ್ತಾನೆ.

ಮೈಸೂರು ಮೇಷ್ಟ್ರು:
ಬೆಳಕನ್ನು ತಂದುಕೊಳ್ಳಬೇಕು ಅಂದರಲ್ಲ, ಅದಕ್ಕೆ ನಮ್ಮೂರಿನವರದೇ ಪಾಠ ಇದೆ. ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1923ರಲ್ಲಿ ಮೈಸೂರಲ್ಲಿ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದರು. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ, ಕತ್ತಲೆ ತುಂಬಿದ ಸ್ಟುಡಿಯೋದೊಳಗೆ ಮೇಲಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ಅದು ಲೈಟಲ್ಲ, ಬಿಸಿಲು. ಹೊರಗೊಂದು ದೊಡ್ಡ ಕನ್ನಡಿ, ಒಳಗೊಂದು ಕನ್ನಡಿ ಇಟ್ಟು ಸೂರ್ಯನನ್ನೇ ಒಳಗೆ ತಂದಿದ್ದರು. ಗಾಳಿಯಲ್ಲಿ ಹೊಗೆ ಇದ್ದರೆ ಬೆಳಕಿನ ದಾರಿ ಕಣ್ಣಿಗೆ ಕಾಣುತ್ತದೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿನದು. ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನಲ್ಲಿ ಓದಿ, ಮೂರ್ತಿಯವರ ಕೈಕೆಳಗೆ ಕೆಲಸ ಕಲಿತವರು. ಇದನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಹೇಳಬೇಕು ಅನಿಸುತ್ತದೆ ನನಗೆ.

ಮಗಳೇ, ನಿಮ್ಮ ಮನೆಯಲ್ಲಿ ಕನ್ನಡಿ ಇದೆ, ಒಲೆಯ ಹೊಗೆ ಇದೆ. ಅಂಗಳದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಬಾಗಿಲಿಂದ ಒಳಗೆ ಕಳಿಸು. ಬಿಸಿಲು ಚೂಪಾಗಿರುತ್ತದೆ, ಅದನ್ನು ನೇರ ಮುಖಕ್ಕೆ ಬಿಡಬೇಡ, ಕಣ್ಣಿಗೆ ಅಪಾಯ. ಒಳಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ ಅದರ ಮೇಲೆ ಬೀಳಿಸು. ಪಂಚೆಯಿಂದ ಚಿಮ್ಮಿದ ಬೆಳಕು ಮೆತ್ತಗಿರುತ್ತದೆ. ಸೆಟ್ಟಲ್ಲಿ ಥರ್ಮಾಕೋಲ್ ಹಲಗೆ ಹಿಡಿಯುವುದೂ ಇದಕ್ಕೇ. ಪಂಚೆಯನ್ನು ಅಜ್ಜಿಗೆ ಎಷ್ಟು ಹತ್ತಿರ ತರುತ್ತೀಯೋ ಬೆಳಕು ಅಷ್ಟು ಜಾಸ್ತಿ, ಅಷ್ಟು ಮೆದು. ಸೂರ್ಯ ನಿಲ್ಲುವುದಿಲ್ಲ, 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. 20 ಅಡಿ ದೂರಕ್ಕೆ ಅದು 4 ಇಂಚು. ಕನ್ನಡಿ ಹತ್ತಿರ ಒಬ್ಬರು ಇರಲೇಬೇಕು.

ಸಾಗರದವಳು:
ಎರಡು ವಾರ ಆಯಿತು, ಮತ್ತೆ ತೆಗೆದೆವು. ಎಲ್ಲರಿಗೂ ಹೇಳಬೇಕು.

ಒಲೆ ಕಡೆಯೇ ನಿಂತೆವು, ಗೆರೆ ದಾಟಲಿಲ್ಲ. ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೆ. ಬೀರುವಿನ ಕನ್ನಡಿ ಬಿಚ್ಚಿ ಅಂಗಳಕ್ಕೆ ತಂದು ಅಪ್ಪನ ಕೈಗೆ ಕೊಟ್ಟೆ. ಅಜ್ಜನ ಪಂಚೆ ಕಟ್ಟಿದೆವು. ಮೇಷ್ಟ್ರೇ, ಅಜ್ಜಿಯ ಕೆನ್ನೆ ಮೇಲೆ ಬಂದ ಆ ಬೆಳಕನ್ನು ನೋಡಿ ನನಗೆ ಮಾತೇ ಬರಲಿಲ್ಲ. ಅವಳನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಹಾಗೆ ಯಾವತ್ತೂ ನೋಡಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಮೋಡ ಬಂತು. ಕ್ಲೋಸ್ ಇನ್ನೂ ಬಾಕಿ ಇತ್ತು. ಬಿಸಿಲು ಹೋಯಿತು, ಮೂರಕ್ಕೆ ಮಳೆಯೇ ಶುರು. ಹೆಂಚಿನ ಮೇಲೆ ಮಳೆ ಬಿದ್ದರೆ ಏನೂ ಕೇಳಿಸುವುದಿಲ್ಲ. ಅವತ್ತಿಗೆ ನಿಲ್ಲಿಸಿ ಮಾರನೇ ದಿನ ಅದೇ ಹೊತ್ತಿಗೆ ಕ್ಲೋಸ್ ತೆಗೆದೆವು. ಸೀರೆ ಅದೇ, ಆದರೆ ಅಜ್ಜಿ ಬಳೆ ಬದಲಾಯಿಸಿದ್ದಳು. ಫೋಟೋ ನೋಡಿ ಗೊತ್ತಾಯಿತು, ಕತ್ತರಿ ಅಣ್ಣ. ಟವೆಲ್ ಹಾಕಿದ್ದರಿಂದ ಧ್ವನಿ ಎಷ್ಟು ಹತ್ತಿರ ಬಂದಿದೆ ಅಂದರೆ ಸೌತೆಕಾಯಿಯ ಕರಕ್ ಕೂಡ ಕೇಳುತ್ತದೆ. ಗಾಡಿ ಕೀ ಫ್ರಿಜ್ಜಲ್ಲೇ ಇತ್ತು.

ಅಜ್ಜಿ ನಾನು ಬರೆದ ಮಾತು ಹೇಳಲಿಲ್ಲ. ತಮ್ಮ ಹೋಗುತ್ತೇನೆ ಅಂದಾಗ, ಊಟ ಮಾಡಿಕೊಂಡು ಹೋಗು ಅಂದಳು, ತಲೆ ಎತ್ತದೆ. ಅದನ್ನೇ ಇಟ್ಟುಕೊಂಡೆ.

ಈಗ ಒಂದೇ ಪ್ರಶ್ನೆ ಉಳಿದಿದೆ. ಕೊನೆಯ ಶಾಟ್. ತಮ್ಮ ಹೊರಟು ಹೋಗುತ್ತಾನೆ, ಅಜ್ಜಿ ಹೆಚ್ಚುತ್ತಲೇ ಇರುತ್ತಾಳೆ, ದೂರದಲ್ಲಿ ಬಸ್ಸು ಗೇರ್ ಬದಲಿಸುವ ಸದ್ದು. ಆ ಶಾಟ್ 42 ಸೆಕೆಂಡ್ ಇದೆ. ಗೆಳತಿಯರು 10 ಸೆಕೆಂಡಿಗೆ ಕಟ್ ಮಾಡು ಅನ್ನುತ್ತಿದ್ದಾರೆ.

ಬೂಮ್ ಕೋಲು:
ಬಸ್ಸಿನ ಸದ್ದು ಅವನು ಹೊಸ್ತಿಲು ದಾಟುವ ಮೊದಲೇ ಶುರುವಾಗಲಿ. ಹಿಂದಿನ ಶಾಟಿನ ಮೇಲೇ, ತೀರಾ ಸಣ್ಣಗೆ. ಮುಂದಿನ ಶಾಟಿನ ಧ್ವನಿ ಮೊದಲು ಬಂದು ಚಿತ್ರ ಆಮೇಲೆ ಬಂದರೆ ಅದಕ್ಕೆ ಜೆ ಕಟ್ ಅನ್ನುತ್ತಾರೆ. ಬಸ್ಸು ಕಾಯುತ್ತಿದೆ ಅಂತ ಅಜ್ಜಿಗೂ ನಮಗೂ ಒಟ್ಟಿಗೇ ತಿಳಿಯುತ್ತದೆ.

ಕತ್ತರಿ:
ಸೆಕೆಂಡ್ ಲೆಕ್ಕ ಬಿಡಿ. ಆ 42 ಸೆಕೆಂಡಲ್ಲಿ ಸೌತೆಕಾಯಿ ಮುಗಿಯುತ್ತದಾ?

ಸಾಗರದವಳು:
ಮುಗಿಯುತ್ತದೆ. ಕೊನೇ ಹೋಳು ಮೊರಕ್ಕೆ ಹಾಕಿ ಕೈ ಸೆರಗಿಗೆ ಒರೆಸಿಕೊಳ್ಳುತ್ತಾಳೆ.

ಕತ್ತರಿ:
ಹಾಗಾದರೆ ಕೈ ಒರೆಸಿಕೊಳ್ಳುವವರೆಗೂ ಇರಲಿ.